ಕ್ಲೈ-ಫೈ: ಎಲ್ಲ ಮುಗಿದ ಮೇಲೆ ಪ್ರೀತಿಗೇನು ಕೆಲಸ?

ಹವಾಮಾನ ಬದಲಾವಣೆಯೇ ಕಥೆಯನ್ನು ನಡೆಸುವ ಕಾದಂಬರಿ, ಸಿನಿಮಾಗಳಿಗೆ ಕ್ಲೈಮೇಟ್ ಫಿಕ್ಷನ್ ಅನ್ನುತ್ತಾರೆ. ಚಿಕ್ಕದಾಗಿ ಕ್ಲೈ-ಫೈ. ಈ ಹೆಸರು ಚಾಲ್ತಿಗೆ ಬಂದು ಸುಮಾರು ಎರಡು ದಶಕ ಆಗಿದೆ ಅಷ್ಟೇ. ಕಥೆಗಳು ಅದಕ್ಕಿಂತ ಹಳೆಯವು. ಧ್ರುವಗಳ ಹಿಮ ಕರಗಿ ನಗರಗಳು ನೀರಡಿ ಹೋದ ಲೋಕವನ್ನು ಜೆ.ಜಿ. ಬಲ್ಲಾರ್ಡ್ 1962ರಲ್ಲೇ ಬರೆದಿದ್ದರು. ಅಲ್ಲಿ ತಪ್ಪು ಸೂರ್ಯನದು, ಮನುಷ್ಯರದಲ್ಲ. ಈಗಿನ ಕಥೆಗಳಿಗೆ ಆ ನೆಪ ಇಲ್ಲ.

ಇವುಗಳಲ್ಲಿ ಒಂದು ಬಗೆ ಪೋಸ್ಟ್-ಅಪೋಕ್ಯಾಲಿಪ್ಟಿಕ್ ಕಥೆಗಳು. ಸರ್ಕಾರ, ಅಂಗಡಿ, ಆಸ್ಪತ್ರೆ ಎಲ್ಲ ಕುಸಿದ ಮೇಲೆ ಉಳಿದವರು ಹೇಗೆ ಬದುಕುತ್ತಾರೆ ಅನ್ನುವುದೇ ಇಲ್ಲಿನ ವಿಷಯ. ಇಂಥ ಕಡೆ ಭರವಸೆ, ಪ್ರೀತಿ ಎಲ್ಲಿಂದ ಬರಬೇಕು? ಓದುಗರಿಗೆ ಸಮಾಧಾನ ಆಗಲಿ ಅಂತ ಸುಮ್ನೆ ತುರುಕಿದ್ದಾರೆ ಅನ್ನಿಸಬಹುದು. ಕೆಲವು ಕಡೆ ಹಾಗೆ ಆಗಿದೆ ಕೂಡ. ಆದರೆ ಒಳ್ಳೆಯ ಕಥೆಗಳು ಇವೆರಡು ಇಲ್ಲದೆ ಮುಂದಕ್ಕೇ ಹೋಗುವುದಿಲ್ಲ.

ಅಣುಬಾಂಬಿನ ಕಥೆಗಳನ್ನು ನೋಡಿ. ವಿನಾಶಕ್ಕೆ ಅಲ್ಲಿ ಒಂದು ದಿನಾಂಕ ಇರುತ್ತದೆ. ಅದಕ್ಕೆ ಮುಂಚೆ ಒಂದು ಲೋಕ, ಆಮೇಲೆ ಇನ್ನೊಂದು. ಬಿಸಿಯಾಗುತ್ತಿರುವ ಭೂಮಿಯ ಕಥೆಯಲ್ಲಿ ಆ ಗೆರೆ ಎಳೆಯುವುದು ಕಷ್ಟ. ಒಂದು ವರ್ಷ ಮಳೆ ಕೈಕೊಡುತ್ತದೆ. ಇನ್ನೊಂದು ವರ್ಷ ಕಾಡಿಗೆ ಬೆಂಕಿ ಬೀಳುತ್ತದೆ. ನೀರಿನ ಬೆಲೆ ಏರುತ್ತದೆ, ಒಂದು ಬೀದಿ ಖಾಲಿಯಾಗುತ್ತದೆ. ಇದರ ನಡುವೆಯೇ ಜನ ಬಾಡಿಗೆ ಕಟ್ಟುತ್ತಾರೆ, ಜಗಳ ಆಡುತ್ತಾರೆ, ಮಕ್ಕಳನ್ನು ಹೆರುತ್ತಾರೆ. ಹಾಗಾಗಿ ಇಲ್ಲಿ ಪ್ರೀತಿ ಎಲ್ಲ ಮುಗಿಯಲಿ ಅಂತ ಕಾಯುತ್ತಾ ಕೂರುವುದಿಲ್ಲ.

ನಾನು ಓದಿದ್ದರಲ್ಲಿ ಇದಕ್ಕೆ ಅತಿ ಒಳ್ಳೆಯ ಉದಾಹರಣೆ ಆಕ್ಟೇವಿಯಾ ಬಟ್ಲರ್ ಅವರ ‘ಪ್ಯಾರಬಲ್ ಆಫ್ ದಿ ಸೋವರ್’. ಪುಸ್ತಕ ಬಂದಿದ್ದು 1993ರಲ್ಲಿ, ಕಥೆ ಶುರುವಾಗುವುದು 2024ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ನಿಜವಾದ 2024 ಕೂಡ ಅಲ್ಲಿವರೆಗಿನ ದಾಖಲೆಗಳಲ್ಲೇ ಅತಿ ಬಿಸಿಯ ವರ್ಷ ಆಯಿತು, ಕೈಗಾರಿಕಾ ಯುಗಕ್ಕೆ ಮುಂಚಿನ ಸರಾಸರಿಗಿಂತ ಸುಮಾರು 1.5 ಡಿಗ್ರಿ ಸೆಲ್ಸಿಯಸ್ ಜಾಸ್ತಿ. ಕಾದಂಬರಿಯಲ್ಲಿ ನೀರು ಪೆಟ್ರೋಲಿಗಿಂತ ದುಬಾರಿ. ಸುತ್ತ ಗೋಡೆ ಕಟ್ಟಿಕೊಂಡ ಬಡಾವಣೆಯಲ್ಲಿ ಲಾರೆನ್ ಅನ್ನುವ ಹುಡುಗಿ ಇದ್ದಾಳೆ. ಬೇರೆಯವರ ನೋವು ಕಣ್ಣಿಗೆ ಬಿದ್ದರೆ ಸಾಕು, ಅವಳ ಮೈಯೂ ನೋಯುತ್ತದೆ. ಒಂದು ರಾತ್ರಿ ದಾಳಿಯಾಗಿ ಬಡಾವಣೆಗೆ ಬೆಂಕಿ ಬೀಳುತ್ತದೆ. ಅವಳು ಹೆದ್ದಾರಿ ಹಿಡಿದು ಉತ್ತರಕ್ಕೆ ನಡೆಯುತ್ತಾಳೆ. ದಾರಿಯಲ್ಲಿ ಒಬ್ಬೊಬ್ಬರಾಗಿ ಜೊತೆ ಸೇರುತ್ತಾರೆ. ಸೇರಿಸಿಕೊಂಡ ಪ್ರತಿಯೊಬ್ಬರೂ ಅಪಾಯವೇ. ಕಳ್ಳರಿರಬಹುದು. ಒಳ್ಳೆಯವರಾದರೂ ಉಣ್ಣುವ ಬಾಯಿ ಒಂದು ಹೆಚ್ಚಾಯಿತು, ಅಲ್ವಾ? ಅವರಲ್ಲೊಬ್ಬ ಬ್ಯಾಂಕೋಲೆ, ಅವಳಿಗಿಂತ ತುಂಬ ದೊಡ್ಡ ವಯಸ್ಸಿನ ಡಾಕ್ಟರ್. ಇಬ್ಬರಿಗೂ ಪ್ರೀತಿಯಾಗುತ್ತದೆ. ಅವನ ಜಮೀನನ್ನು ನಂಬಿ ಎಲ್ಲರೂ ಅಲ್ಲಿಗೆ ಹೋದರೆ, ಅಲ್ಲಿದ್ದ ಅವನ ಸೋದರಿಯ ಮನೆ ಸುಟ್ಟು ಬೂದಿಯಾಗಿದೆ. ಆದರೂ ಅಲ್ಲೇ ನಿಲ್ಲುತ್ತಾರೆ. ತಮ್ಮ ತಮ್ಮ ಸತ್ತವರಿಗಾಗಿ ಓಕ್ ಮರದ ಬೀಜ ನೆಡುತ್ತಾರೆ. ಓಕ್ ದೊಡ್ಡದಾಗಲು ದಶಕಗಳೇ ಬೇಕು.

ಈ ಬಗೆಯ ಕಥೆಯಲ್ಲಿ ಭರವಸೆ ಅಂದರೆ ಇದು. ಎಲ್ಲ ಸರಿಹೋಗುತ್ತದೆ ಅಂತ ಯಾರೂ ನಂಬಿಲ್ಲ. ಹೋದ ಊರು ವಾಪಸ್ ಬರುವುದಿಲ್ಲ ಅಂತ ಪಾತ್ರಗಳಿಗೂ ಗೊತ್ತು. ಆದರೂ ಹಸಿದಿರುವಾಗಲೇ ಒಂದು ಹಿಡಿ ಬೀಜ ಎತ್ತಿಡುತ್ತಾರೆ. ಯಾಕೆ ಎತ್ತಿಡಬೇಕು ಅಂದರೆ, ಅಲ್ಲಿ ಪ್ರೀತಿಗೆ ಕೆಲಸ ಶುರು. ಒಂಟಿ ಮನುಷ್ಯ ಆ ಬೀಜವನ್ನು ಇವತ್ತೇ ತಿಂದು ಮುಗಿಸಬಹುದು. ಪಕ್ಕದಲ್ಲಿ ಮಗು ಮಲಗಿದ್ದರೆ ಹಾಗೆ ಮಾಡಲಾಗದು.

ಪ್ರೀತಿ ಅಂದಕೂಡಲೇ ಗಂಡು-ಹೆಣ್ಣಿನ ಕಥೆ ಅಂದುಕೊಳ್ಳಬೇಕಿಲ್ಲ. ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಅವರ 2020ರ ಕಾದಂಬರಿ ‘ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್’ ಲೋಕ ಮುಗಿದ ಮೇಲಿನ ಕಥೆ ಅಲ್ಲ. ಆದರೆ ಶುರುವಾಗುವುದೇ ಉತ್ತರ ಪ್ರದೇಶದ ಒಂದು ಊರನ್ನು ಬಿಸಿಗಾಳಿ ಕೊಲ್ಲುವುದರಿಂದ. ಅಲ್ಲಿ ಬದುಕುಳಿದ ಫ್ರ್ಯಾಂಕ್, ಹವಾಮಾನ ಬದಲಾವಣೆ ಎದುರಿಸಲು ಹುಟ್ಟಿದ ಸಂಸ್ಥೆಯ ಮುಖ್ಯಸ್ಥೆ ಮೇರಿಯನ್ನು ಮುಂದೆ ಒಂದು ರಾತ್ರಿ ಒತ್ತೆಯಾಳಾಗಿ ಇಟ್ಟುಕೊಳ್ಳುತ್ತಾನೆ. ಅವನು ಜೈಲಿಗೆ ಹೋದ ಮೇಲೆ ಅವಳು ಹೋಗಿ ಹೋಗಿ ನೋಡಿ ಬರುತ್ತಾಳೆ. ಅದು ಪ್ರಣಯ ಅಲ್ಲ, ಬರೀ ಗೆಳೆತನ ಅನ್ನುವುದೂ ಕಷ್ಟ. ಆ ಪುಸ್ತಕದ ಕಾರ್ಬನ್ ಲೆಕ್ಕಾಚಾರಕ್ಕಿಂತ ನನಗೆ ಜಾಸ್ತಿ ನೆನಪಿರುವುದು ಅವರಿಬ್ಬರೇ.

ನನಗೆ ಸಿಟ್ಟು ಬರುವುದು ಬೇರೆ ಥರದ ಕಥೆಗಳ ಮೇಲೆ. ಕೋಟ್ಯಂತರ ಜನ ಸತ್ತಿರುತ್ತಾರೆ, ಕೊನೆಗೆ ಚೆಂದದ ಜೋಡಿಯೊಂದು ಬೆಟ್ಟದ ಮೇಲೆ ಕೈ ಹಿಡಿದು ನಿಂತಿರುತ್ತದೆ. ಆ ಪ್ರೀತಿಗಾಗಿ ಅವರು ಏನನ್ನೂ ಬಿಟ್ಟುಕೊಟ್ಟಿರುವುದಿಲ್ಲ. ಹಾಗಂತ ಬರೀ ಕತ್ತಲೆ ತೋರಿಸಿದರೂ ಪ್ರಯೋಜನ ಕಡಿಮೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆರಿಕದ 161 ಕ್ಲೈ-ಫೈ ಓದುಗರನ್ನು ಮಾತಾಡಿಸಿತ್ತು. ಓದಿದ ಮೇಲೆ ಹೆಚ್ಚಿನವರಲ್ಲಿ ಉಳಿದಿದ್ದು ದುಃಖ, ಭಯ, ಕೈಲಾಗದ ಭಾವ. ಇದರಿಂದ ಜನ ಕೈಚೆಲ್ಲಿ ಕೂರಬಹುದು ಅನ್ನುವ ಆತಂಕ ಅಧ್ಯಯನದಲ್ಲೇ ಇದೆ.

ಕ್ಲೈ-ಫೈ ಪಕ್ಕದಲ್ಲೇ ಇನ್ನೆರಡು ಬಗೆಯ ಕಥೆಗಳ ಹೆಸರು ಕೇಳಿಬರುತ್ತದೆ. ಹೋಪ್‌ಪಂಕ್ 2017ರಲ್ಲಿ ಹುಟ್ಟಿದ್ದು. ಒಬ್ಬರನ್ನೊಬ್ಬರು ನೋಡಿಕೊಳ್ಳುವುದೇ ಅಲ್ಲಿ ಹೋರಾಟ. ಸೋಲಾರ್‌ಪಂಕ್‌ನಲ್ಲಿ ದುರಸ್ತಿ ಕೆಲಸ ಆಗಲೇ ಅರ್ಧ ಮುಗಿದಿರುತ್ತದೆ. ಚಾವಣಿಯ ಮೇಲೆ ತೋಟ, ಬಿಸಿಲಿನಿಂದ ಕರೆಂಟು. ನನಗೆ ಅದು ಸ್ವಲ್ಪ ಜಾಸ್ತಿಯೇ ಅಚ್ಚುಕಟ್ಟು. ಬೂದಿ, ಬರಗಾಲದ ಕಥೆ ಓದಿ ಸುಸ್ತಾದವರು ಬೇಕಿದ್ದರೆ ಅಲ್ಲಿಂದ ಶುರು ಮಾಡಬಹುದು.