ರೆಗ್ಗೇ ಬದಲಾದದ್ದು ಎಲ್ಲಿ? ಬೇಸ್‌ಗೆ ಕಿವಿಗೊಡಿ

ಸೌಂಡ್ ಮಿಕ್ಸಿಂಗ್ ಕಲಿಯಲು ಬರುವ ಹುಡುಗರಿಗೆ ನಾನು ಜಮೈಕಾದ ಹಾಡುಗಳನ್ನು ತಪ್ಪದೆ ಕೇಳಿಸುತ್ತೇನೆ. ಬಾಬ್ ಮಾರ್ಲಿ ಎಲ್ಲರಿಗೂ ಗೊತ್ತು, 2000ರ ದಶಕದ ಗಾಯಕ ಶಾನ್ ಪಾಲ್ ಕೂಡ ಗೊತ್ತು. ಇಬ್ಬರದೂ ಒಂದೇ ಮನೆತನದ ಸಂಗೀತ, ಜಮೈಕಾದಲ್ಲಿ ಹುಟ್ಟಿದ ರೆಗ್ಗೇ ಅಂದರೆ ಮಾತ್ರ ನಂಬುವುದಿಲ್ಲ. ‘ವಾದ್ಯದವರ ಬದಲು ಮೆಷಿನ್ ಬಂದ ಮೇಲೆ ರೆಗ್ಗೇ ಕೆಟ್ಟಿತು ಅಲ್ವಾ ಸರ್?’ ಅಂತ ಕೇಳುತ್ತಾರೆ. ನಾನು ಒಪ್ಪುವುದಿಲ್ಲ.

1970ರ ದಶಕದ ಮಾರ್ಲಿ ಹಾಡೊಂದನ್ನು ಹಾಕಿಕೊಂಡು ನಾಲ್ಕು ಎಣಿಸಿ. ಬಹಳಷ್ಟು ಹಾಡುಗಳಲ್ಲಿ ಒಂದರ ಮೇಲೆ, ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಬೀಳುವುದೇ ಇಲ್ಲ. ಕಿಕ್, ಕಡ್ಡಿಯಲ್ಲಿ ಬಾರಿಸುವ ಸ್ನೇರ್ ಡ್ರಮ್ ಎರಡೂ ಒಟ್ಟಿಗೆ ಮೂರರ ಮೇಲೆ ಬೀಳುತ್ತವೆ. ಎರಡು, ನಾಲ್ಕರ ಮೇಲೆ ಗಿಟಾರ್ ಚಕ್ ಅಂತ ಕತ್ತರಿಸುತ್ತದೆ. ಇದಕ್ಕೆ ಒನ್ ಡ್ರಾಪ್ ಅನ್ನುತ್ತಾರೆ. ಡ್ರಮ್ ನುಡಿಸಿದ ಕಾರ್ಲ್ಟನ್ ಬ್ಯಾರೆಟ್ ಬಿಟ್ಟ ಖಾಲಿ ಜಾಗದಲ್ಲಿ ಅಣ್ಣ ಆಸ್ಟನ್ ಬ್ಯಾರೆಟ್ ಕೆಳದನಿಯ ಬೇಸ್ ಗಿಟಾರ್ ನುಡಿಸಿದರು. ಸಾಹಿತ್ಯ ಮರೆತರೂ ಆ ಬೇಸ್ ಅನ್ನು ಗುನುಗಬಹುದು.

ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ಜನ ಹಾಡು ಕೇಳುತ್ತಿದ್ದದ್ದು ಬೀದಿಯಲ್ಲಿ, ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳ ಮುಂದೆ. 1960ರ ದಶಕದ ಕೊನೆಗೆ ಹಾಡಿನಿಂದ ದನಿ ತೆಗೆದು, ಬರೀ ವಾದ್ಯ ಉಳಿಸಿದ ರೆಕಾರ್ಡ್ ಬಂತು. ಅದರ ಮೇಲೆ ಯು-ರಾಯ್ ತರಹದವರು ಮೈಕ್ ಹಿಡಿದು ಮಾತು ಹೊಸೆದರು. ಒಂದೇ ವಾದ್ಯಭಾಗ, ಹತ್ತಾರು ಗಾಯಕರು. ಈ ವಾದ್ಯಭಾಗವೇ ರಿಡ್ಡಿಮ್.

ರೇಡಿಯೋ ರಿಪೇರಿ ಮಾಡುತ್ತಿದ್ದ ಕಿಂಗ್ ಟಬ್ಬಿ ಇದನ್ನು ಇನ್ನೂ ಮುಂದೆ ಒಯ್ದರು. ಅವರ ನಾಲ್ಕು ಟ್ರ್ಯಾಕ್‌ನ ಮಿಕ್ಸರ್‌ನಲ್ಲಿ ಒಂದು ಹೈಪಾಸ್ ಫಿಲ್ಟರ್ ಇತ್ತು. ಅದರ ಗುಂಡಿ ತಿರುಗಿಸಿದರೆ ಕೆಳದನಿಗಳು ಮೆಟ್ಟಿಲು ಮೆಟ್ಟಿಲಾಗಿ ಮಾಯ. ಡ್ರಮ್ ಸೆಟ್ಟಿನ ಜೋಡಿ ತಾಳ ಹೈಹ್ಯಾಟ್‌ನ ಚುಸ್ ಚುಸ್ ಮಾತ್ರ ಉಳಿಯುತ್ತದೆ. ಆಮೇಲೆ ಬೇಸ್ ವಾಪಸ್ ಬಿಟ್ಟಾಗ ಎದೆ ನಡುಗುತ್ತದೆ. ಇವತ್ತಿನ ಡಿಜೆಗಳು ಫಿಲ್ಟರ್ ತಿರುಗಿಸುವಾಗ ಮಾಡುವುದೂ ಇದನ್ನೇ.

ಟಬ್ಬಿಯ ಬಳಿ ಪಳಗಿದ ನಿರ್ಮಾಪಕ ಜಾಮಿ 1985ರಲ್ಲಿ ‘ಸ್ಲೆಂಗ್ ಟೆಂಗ್’ ರಿಡ್ಡಿಮ್ ಹೊರತಂದರು. ನೋಯೆಲ್ ಡೇವಿ ಮತ್ತು ಗಾಯಕ ವೇಯ್ನ್ ಸ್ಮಿತ್ ಕ್ಯಾಸಿಯೋ ಎಂಟಿ-40 ಎಂಬ ಪುಟ್ಟ ಕೀಬೋರ್ಡ್‌ನಲ್ಲಿದ್ದ ರೆಡಿಮೇಡ್ ‘ರಾಕ್’ ಲಯವನ್ನು ಹಿಡಿದು ತಂದಿದ್ದರು. ಜಾಮಿ ಅದರ ವೇಗ ತಗ್ಗಿಸಿದರು. ತಂಡವೇ ಬೇಡವಾಯಿತು. ಮೆಷಿನ್ ಕೆಡಿಸಿತು ಎನ್ನುವವರು ಬೆಟ್ಟು ಮಾಡುವುದು ಇಲ್ಲಿಗೇ. ಆದರೆ ಆ ಲಯವನ್ನು ಕ್ಯಾಸಿಯೋಗೆ ಮಾಡಿಕೊಟ್ಟ ಒಕುಡಾ ಹಿರೊಕೊ ಕಾಲೇಜಿನಲ್ಲಿ ರೆಗ್ಗೇ ಮೇಲೆಯೇ ಪ್ರಬಂಧ ಬರೆದ ಜಪಾನಿ ಹುಡುಗಿ! ಕೇಳಿ ನೋಡಿ, ಸ್ಲೆಂಗ್ ಟೆಂಗ್‌ನಲ್ಲೂ ಹಾಡನ್ನು ಎಳೆಯುವುದು ಬೇಸೇ.

ನನ್ನ ಕಿವಿಗೆ ನಿಜವಾದ ತಿರುವು ಕೇಳುವುದು ನಾಲ್ಕೈದು ವರ್ಷ ಆದಮೇಲೆ. ಸ್ಟೀಲಿ ಮತ್ತು ಕ್ಲೀವಿ ಎಂಬ ನಿರ್ಮಾಪಕರ ಜೋಡಿ 1989ರ ಹೊತ್ತಿಗೆ ಬೇಸ್ ಅನ್ನು ಹಿಂದೆ ಸರಿಸಿ ಡ್ರಮ್ ಅನ್ನೇ ಮುಂದೆ ತಂದರು. ಆ ಪೆಟ್ಟುಗಳನ್ನು ಬಾಯಲ್ಲಿ ಹೇಳಿ ನೋಡಿ: ತಕಿಟ ತಕಿಟ ತಕ. ಎಂಟು ಮಾತ್ರೆ, ಮೂರು, ಮೂರು, ಎರಡು. ಶಾಬಾ ರ‍್ಯಾಂಕ್ಸ್ ಹಾಡಿದ ‘ಡೆಮ್ ಬೋ’ ಮೂಲಕ ಇದೇ ನಡೆ ಪನಾಮಾ, ಪೋರ್ಟೊ ರಿಕೊ ಸೇರಿ ಸ್ಪ್ಯಾನಿಷ್ ಹಾಡುಗಳ ರೆಗ್ಗೇಟಾನ್ ಆಯಿತು.

ಹತ್ತು ಹನ್ನೆರಡು ವರ್ಷ ಕಳೆದು ಲೆಂಕಿ ಮಾರ್ಸ್‌ಡೆನ್ ಚಪ್ಪಾಳೆಗಳಿಂದ ಕಟ್ಟಿದ ರಿಡ್ಡಿಮ್ ಬಂತು. ಅದಕ್ಕೆ ಇಟ್ಟ ಹೆಸರು ‘ದಿವಾಲಿ’. ಶಾನ್ ಪಾಲ್ ಅದರ ಮೇಲೆ ಹಾಡಿದ ಹಾಡು 2003ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ವೇಯ್ನ್ ವಂಡರ್ ಕೂಡ ಅದರ ಮೇಲೆಯೇ ಹಾಡಿದರು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ. ಯು-ರಾಯ್ ಕಾಲದ ಪದ್ಧತಿ ಹಾಗೇ ಇದೆ.

ಮೆಷಿನ್ ಲಯದ ಈ ರೆಗ್ಗೇಗೆ ಡ್ಯಾನ್ಸ್‌ಹಾಲ್ ಅನ್ನುತ್ತಾರೆ. ಅಮೆರಿಕದ ಹಿಪ್‌ಹಾಪ್‌ನ ಟ್ರ್ಯಾಪ್ ಶೈಲಿ ಬೆರೆತ ಈಚಿನ ಡ್ಯಾನ್ಸ್‌ಹಾಲ್ ಬಗ್ಗೆ ನನಗೆ ಒಂದು ಬೇಸರ ಇದೆ. ಅಲ್ಲಿ ಬೇಸ್ ಅಂದರೆ ಉದ್ದಕ್ಕೆ ಗುಂಯ್‌ಗುಡುವ ಒಂದೇ ಆಳದ ಸ್ವರ. ಮೈಗೆ ತಾಗುತ್ತದೆ, ಗುನುಗಲು ಏನೂ ಸಿಗುವುದಿಲ್ಲ. ಆದರೆ ಕ್ರೋನಿಕ್ಸ್, ಪ್ರೊಟೊಜೆ ತರಹದ ಗಾಯಕರು ತಂಡ ಕಟ್ಟಿಕೊಂಡು ಬೇಸ್ ಗಿಟಾರ್ ಅನ್ನು ಮುಂದೆ ತಂದಿದ್ದಾರೆ. ಕಾಫಿ ಎಂಬ ಹುಡುಗಿ 2020ರಲ್ಲಿ, ಇನ್ನೂ 19ರ ವಯಸ್ಸಿಗೆ, ರೆಗ್ಗೇ ಆಲ್ಬಮ್‌ನ ಗ್ರ್ಯಾಮಿ ಗೆದ್ದಳು. ಈ ಪ್ರಶಸ್ತಿ ಪಡೆದ ಮೊದಲ ಒಂಟಿ ಗಾಯಕಿ ಅವಳೇ. ಒನ್ ಡ್ರಾಪ್, ಡ್ಯಾನ್ಸ್‌ಹಾಲ್ ಎರಡರ ಮೇಲೂ ಸಲೀಸಾಗಿ ಹಾಡುತ್ತಾಳೆ.

ಇವನ್ನೆಲ್ಲ ಫೋನ್ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ. ಅಷ್ಟು ಚಿಕ್ಕ ಸ್ಪೀಕರ್‌ಗೆ ಬೇಸ್‌ನ ಮೂಲ ಸ್ವರ ಎತ್ತಲು ಆಗುವುದಿಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿ, ಮೊದಲ ಸಲ ಬೇಸ್ ಒಂದನ್ನೇ ಹಿಂಬಾಲಿಸಿ.