ಎನ್‌ಕೋಡಿಂಗ್ ಅಂದರೆ ಫಾಂಟ್ ಅಲ್ಲ

"ಥಾಯ್ ಎನ್‌ಕೋಡಿಂಗ್ ಇನ್‌ಸ್ಟಾಲ್ ಮಾಡ್ಕೊಳ್ಳಿ, ಡಬ್ಬಿ ಡಬ್ಬಿ ಕಾಣೋದು ಹೋಗುತ್ತೆ." ಈ ಸಲಹೆಯನ್ನು ಇದೇ ತಿಂಗಳಲ್ಲಿ ಮೂರನೇ ಸಲ ಓದಿದೆ. ಪರದೆಯ ಮೇಲೆ ಅಕ್ಷರದ ಬದಲು ಖಾಲಿ ಡಬ್ಬಿ ಕಂಡರೆ ಇಲ್ಲದಿರುವುದು ಫಾಂಟ್. ಎನ್‌ಕೋಡಿಂಗ್ ಬೇರೆಯೇ ಸಂಗತಿ.

'ಕೋಡ್' ಪದದ ಬೇರು ಲ್ಯಾಟಿನ್‌ನಲ್ಲಿದೆ. ಅಲ್ಲಿ 'ಕಾಡೆಕ್ಸ್' ಅಂದರೆ ಮರದ ಕಾಂಡ. ಮರದ ಹಲಗೆಗಳ ಮೇಲೆ ಬರೆದು ಒಟ್ಟಿಗೆ ಕಟ್ಟಿದ್ದಕ್ಕೂ ಅದೇ ಹೆಸರು ಬಂತು. ಆಮೇಲೆ ಅದು ಪುಸ್ತಕವಾಯಿತು, ಕಾನೂನುಗಳ ಪುಸ್ತಕವಾಯಿತು, ಕೊನೆಗೆ ಸಂಕೇತಗಳ ಪಟ್ಟಿಯಾಯಿತು. ನಮ್ಮ 'ಕಡತ' ಮೊದಲು ಮಸಿ ಬಳಿದ ಬಟ್ಟೆಯ ಲೆಕ್ಕದ ಪುಸ್ತಕವಾಗಿದ್ದು, ಆಮೇಲೆ ಕಚೇರಿಯ ಫೈಲ್ ಆಯಿತಲ್ವಾ, ಹಾಗೆ. ಹಾಗಾಗಿ ಎನ್‌ಕೋಡ್ ಮಾಡುವುದು ಅಂದರೆ ಪಟ್ಟಿ ನೋಡಿ ಅಕ್ಷರದ ಬದಲು ಅದರ ಸಂಖ್ಯೆ ಬರೆದಿಡುವುದು. ಆ ಸಂಖ್ಯೆಗೆ ಆಕಾರ ಕೊಡುವ ಕೆಲಸ ಮಾತ್ರ ಫಾಂಟಿನದು.

ಥಾಯ್ ವರ್ಣಮಾಲೆಯ ಮೊದಲ ಅಕ್ಷರವನ್ನೇ ನೋಡಿ. ಅದರ ಹೆಸರು 'ಕೋ ಕೈ', ಅಂದರೆ ಕೋಳಿಯ ಕ. ಥಾಯ್ಲೆಂಡಿನ ಟಿಐಎಸ್-620 ಪಟ್ಟಿಯಲ್ಲಿ ಅದು 161. ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿಯಾದ ಯೂನಿಕೋಡ್‌ನಲ್ಲಿ 3585. ಅದೇ 3585ನ್ನು ಯುಟಿಎಫ್-8 ಕ್ರಮದಲ್ಲಿ ಫೈಲಿಗೆ ಬರೆದರೆ ಮೂರು ಬೈಟ್ (ಒಂದು ಬೈಟ್ ಅಂದರೆ 0ರಿಂದ 255ರೊಳಗಿನ ಒಂದು ಸಂಖ್ಯೆ): 224, 184, 129. ಕೋಳಿ ಒಂದೇ, ಲೆಕ್ಕ ಬೇರೆ ಬೇರೆ. ಈ ಮೂರು ಬೈಟನ್ನು ಪಶ್ಚಿಮ ಯೂರೋಪಿನ ಪಟ್ಟಿ ಹಿಡಿದು ಓದಿದರೆ 224 ಅಂದರೆ ತಲೆ ಮೇಲೆ ಓರೆ ಗೀಟು ಇರುವ ರೋಮನ್ 'ಎ' (à). ಆಗ ಪುಟದ ತುಂಬಾ ಅದೇ 'ಎ' ಸಾಲುಗಟ್ಟುತ್ತದೆ. ಎನ್‌ಕೋಡಿಂಗ್ ತಪ್ಪಿದರೆ ಕಾಣುವುದು ಇದು, ಡಬ್ಬಿ ಅಲ್ಲ. ಕನ್ನಡದ ಅಕ್ಷರಗಳೂ ಯುಟಿಎಫ್-8ರಲ್ಲಿ 224ರಿಂದಲೇ ಶುರುವಾಗುತ್ತವೆ. ಕೆಟ್ಟ ಕನ್ನಡ ಫೈಲಿನಲ್ಲೂ ನೀವು ಅದೇ 'ಎ' ನೋಡಿರುತ್ತೀರಿ.

ನಮಗೆ ಈ ಗೊಂದಲ ಸುಮ್ನೆ ಬಂದದ್ದಲ್ಲ. ಯೂನಿಕೋಡ್‌ಗೆ ಮುಂಚಿನ ಕನ್ನಡ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದವು. ಫಾಂಟ್ ಬದಲಿಸಿದರೆ ಬರಹವೇ ಮಾಯ. ಅಲ್ಲಿ ಫಾಂಟೇ ಎನ್‌ಕೋಡಿಂಗ್ ಆಗಿತ್ತು. ಆದರೆ ಆ ಅಭ್ಯಾಸವನ್ನು ಈಗಲೂ, ಅದೂ ಥಾಯ್ ಮೇಲೆ ಹೇರಬೇಡಿ. ಅವರಿಗೆ 1986ರಲ್ಲೇ ರಾಷ್ಟ್ರೀಯ ಪಟ್ಟಿ ಇತ್ತು. 1990ರಲ್ಲಿ ಅದನ್ನು ಪರಿಷ್ಕರಿಸಿದರು. ಯೂನಿಕೋಡ್ ಅದರ ಕ್ರಮವನ್ನು ಹಾಗೇ ಎತ್ತಿಕೊಂಡಿತು. ಹಳೆಯ ಸಂಖ್ಯೆಗೆ 3424 ಕೂಡಿಸಿದರೆ ಸಾಕು, ಹೊಸದು ಸಿಗುತ್ತದೆ.

ಹಾಗೆ ಎತ್ತಿಕೊಂಡಾಗ ಟೈಪ್‌ರೈಟರ್ ಕಾಲದ ಒಂದು ರೂಢಿಯೂ ಜೊತೆಗೆ ಬಂತು. ಹಿಂದಿಯಲ್ಲಿ 'ಕಿ' ಬರೆಯುವಾಗ ಗುಣಿತದ ಚಿಹ್ನೆ ಎಡಕ್ಕೆ ಕಂಡರೂ ಕಂಪ್ಯೂಟರ್ ಮೊದಲು ಕ, ಆಮೇಲೆ ಚಿಹ್ನೆ ಇಡುತ್ತದೆ. ಥಾಯ್‌ನಲ್ಲಿ ಕಂಡ ಹಾಗೇ ಇಡುತ್ತಾರೆ. ಬೆಕ್ಕಿಗೆ ಥಾಯ್ ಪದ 'ಮ್ಯಾವ್'. ಅದು 3649, 3617, 3623. ಮೊದಲು ಸ್ವರದ ಚಿಹ್ನೆ, ಆಮೇಲೆ ಮ, ಕೊನೆಗೆ ವ. ನಿಘಂಟಿನಲ್ಲಿ ಮಾತ್ರ ಬೆಕ್ಕು ಇರುವುದು ಮಕಾರದಲ್ಲಿ. ಹಾಗಾಗಿ ಪದಗಳನ್ನು ಅಕಾರಾದಿಯಾಗಿ ಜೋಡಿಸುವ ತಂತ್ರಾಂಶ ಮೊದಲೆರಡನ್ನು ಅದಲು ಬದಲು ಮಾಡಿಕೊಳ್ಳಬೇಕು.

ಇದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು. 3649ರ ಚಿಹ್ನೆ ನೋಡುವುದಕ್ಕೆ 3648ರ ಚಿಹ್ನೆಯನ್ನು ಎರಡು ಸಲ ಬರೆದ ಹಾಗಿದೆ. ಕೆಲವರು ಹಾಗೇ ಎರಡು ಸಲ ಒತ್ತಿಬಿಡುತ್ತಾರೆ. ಓದುವವರಿಗೆ ಬೆಕ್ಕು ಸರಿಯಾಗೇ ಕಾಣುತ್ತದೆ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಆಗ ಹತ್ತು ಹೊಸ ಫಾಂಟ್ ಹಾಕಿದರೂ ಪ್ರಯೋಜನವಿಲ್ಲ. ಎರಡು 3648 ಅಳಿಸಿ ಒಂದು 3649 ಹಾಕಬೇಕು.