ಪ್ರಾಸ್ಟೇಟ್ ಮಾತ್ರೆಯ ವಿಷಯ ಕಣ್ಣಿನ ವೈದ್ಯರಿಗೇಕೆ?

ಪೊರೆ ತೆಗೆಸಲು ಆಸ್ಪತ್ರೆಗೆ ಬಂದ ಎಪ್ಪತ್ತರ ಯಜಮಾನರಿಗೆ ಎದುರಾಗುವ ಪ್ರಶ್ನೆಗಳು ಬಹುತೇಕ ಒಂದೇ ಬಗೆಯವು: ಬಿಪಿ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೀರಾ? ಎಲ್ಲಕ್ಕೂ ಅವರು ಚೊಕ್ಕವಾಗಿ ಉತ್ತರಿಸುತ್ತಾರೆ. ರಾತ್ರಿ ಊಟವಾದ ಮೇಲೆ ನುಂಗುವ ಇನ್ನೊಂದು ಕ್ಯಾಪ್ಸೂಲಿನ ಮಾತು ಮಾತ್ರ ಹೊರಬರುವುದಿಲ್ಲ. ಅದು ಮೂತ್ರದ ತೊಂದರೆಯದು, ಪಕ್ಕದಲ್ಲಿ ಸೊಸೆ ನಿಂತಿದ್ದಾಳೆ. ಅಲ್ಲದೆ ಕಣ್ಣಿಗೂ ಅದಕ್ಕೂ ಎಲ್ಲಿಯ ಸಂಬಂಧ ಎಂದು ಅವರ ಎಣಿಕೆ.

ಸಂಬಂಧ ಇದೆ. ಆ ಕ್ಯಾಪ್ಸೂಲಿನಲ್ಲಿರುವುದು ಹೆಚ್ಚಾಗಿ ಟ್ಯಾಮ್ಸುಲೋಸಿನ್. ಔಷಧದ ಅಂಗಡಿಯಲ್ಲಿ ಯೂರಿಮ್ಯಾಕ್ಸ್, ವೆಲ್ಟಾಮ್ ಮುಂತಾದ ಹೆಸರುಗಳಲ್ಲಿ ಸಿಗುತ್ತದೆ. ವಯಸ್ಸಾದಂತೆ ಗಂಡಸರಲ್ಲಿ ಮೂತ್ರಕೋಶದ ಬಾಯಿಯ ಬಳಿಯ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ಮೂತ್ರನಾಳವನ್ನು ಒತ್ತುತ್ತದೆ. ಟ್ಯಾಮ್ಸುಲೋಸಿನ್ ಗ್ರಂಥಿಯನ್ನು ಕುಗ್ಗಿಸುವುದಿಲ್ಲ. ಅಲ್ಲಿನ ಸ್ನಾಯುಗಳಿಗೆ ‘ಬಿಗಿಯಾಗು’ ಎಂಬ ನರಗಳ ಸಂದೇಶ ತಲುಪುವುದು ಆಲ್ಫಾ-1ಎ ಎಂಬ ಗ್ರಾಹಕಗಳ, ಅಂದರೆ ಜೀವಕೋಶದ ಮೇಲೆ ಸಂದೇಶ ಹಿಡಿಯುವ ಕೊಂಡಿಗಳ, ಮೂಲಕ. ಔಷಧ ಹೋಗಿ ಆ ಗ್ರಾಹಕಗಳ ಮೇಲೆ ಕೂರುತ್ತದೆ, ಸ್ನಾಯು ಸಡಿಲವಾಗುತ್ತದೆ, ಮೂತ್ರ ಸಲೀಸಾಗಿ ಹೋಗುತ್ತದೆ. ರಕ್ತನಾಳಗಳ ತಂಟೆಗೆ ಅಷ್ಟಾಗಿ ಹೋಗದೆ ಈ ಒಂದು ಬಗೆಯ ಗ್ರಾಹಕವನ್ನೇ ಹೆಚ್ಚಾಗಿ ಹಿಡಿಯುವುದರಿಂದ ಬಿಪಿ ಇಳಿಯುವ ಕಾಟವೂ ಹಳೆಯ ಔಷಧಗಳಿಗಿಂತ ಕಡಿಮೆ.

ತೊಡಕು ಇರುವುದೂ ಈ ಆಯ್ಕೆಯಲ್ಲೇ. ಕಣ್ಣಿನ ಬಣ್ಣದ ಪರದೆಯಾದ ಐರಿಸ್‌ನಲ್ಲಿ ಎರಡು ಸ್ನಾಯುಗಳಿವೆ. ಪಾಪೆಯ ಸುತ್ತ ಉಂಗುರದಂತಿರುವುದು ಅದನ್ನು ಕಿರಿದಾಗಿಸುತ್ತದೆ. ಕಿರಣಗಳಂತೆ ಹೊರಕ್ಕೆ ಚಾಚಿಕೊಂಡದ್ದು ಹಿಗ್ಗಿಸುತ್ತದೆ. ಹಿಗ್ಗಿಸುವ ಸ್ನಾಯು ಕೆಲಸ ಮಾಡುವುದು ಅದೇ ಆಲ್ಫಾ-1ಎ ಗ್ರಾಹಕದ ಮೂಲಕ. ಕೆಳಗಿನ ಸ್ನಾಯುವಿಗೆಂದು ನುಂಗಿದ ಔಷಧ ಮೇಲಿನದನ್ನೂ ಸಡಿಲಿಸುತ್ತದೆ. ದಿನನಿತ್ಯದ ನೋಟದಲ್ಲಿ ಇದು ಬಹುತೇಕರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ.

ಇಂದಿನ ಫೇಕೋ ವಿಧಾನದಲ್ಲಿ ಮೂರು ಮಿಲಿಮೀಟರೂ ಇಲ್ಲದ ಸೀಳಿನಿಂದ ಉಪಕರಣವನ್ನು ಒಳಗೆ ಬಿಟ್ಟು, ಮಂಜಾದ ಮಸೂರವನ್ನು ಶ್ರವಣಾತೀತ ತರಂಗಗಳಿಂದ ಒಡೆದು ಹೀರುತ್ತಾರೆ. ಅಷ್ಟು ಹೊತ್ತೂ ಕಣ್ಣಿನೊಳಗೆ ದ್ರವ ಹರಿಯುತ್ತಲೇ ಇರುತ್ತದೆ. ಇಡೀ ಕೆಲಸ ನಡೆಯುವುದು ಹಿಗ್ಗಿದ ಪಾಪೆಯ ಕಿಟಕಿಯಲ್ಲಿ. ಆರೋಗ್ಯವಂತ ಐರಿಸ್ ಬಿಗಿಯಾಗಿ ಕದಲದೆ ನಿಲ್ಲುತ್ತದೆ. ಟ್ಯಾಮ್ಸುಲೋಸಿನ್ ನುಂಗಿದವರ ಐರಿಸ್ ಹೊಳೆಯಲ್ಲಿ ಜಾಲಿಸುವ ಪಂಚೆಯಂತೆ ಆ ಹರಿವಿಗೆ ಉಬ್ಬಿ ಅಲೆಯಾಡುತ್ತದೆ, ಸೀಳಿನ ಕಡೆಗೆ ನುಗ್ಗಿ ಹೊರಗೆ ಇಣುಕುತ್ತದೆ. ಪಾಪೆ ಕಣ್ಣೆದುರೇ ಕಿರಿದಾಗುತ್ತಾ ಹೋಗುತ್ತದೆ. ಮಸೂರದ ಹಿಂಬದಿಯ ಪೊರೆಚೀಲವೋ, ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿನಷ್ಟೂ ದಪ್ಪವಿಲ್ಲ. ಕಿಟಕಿ ಮುಚ್ಚುತ್ತಿರುವಾಗ ಉಪಕರಣ ಅದಕ್ಕೆ ತಗುಲಿದರೆ ಚೀಲ ಹರಿದು, ಹಿಂದಿನ ಲೋಳೆ ಮುಂದಕ್ಕೆ ಬರುತ್ತದೆ.

ಟ್ಯಾಮ್ಸುಲೋಸಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1997ರಲ್ಲಿ. ಕ್ಯಾಲಿಫೋರ್ನಿಯಾದ ನೇತ್ರತಜ್ಞರಾದ ಡೇವಿಡ್ ಚಾಂಗ್ ಮತ್ತು ಜಾನ್ ಕ್ಯಾಂಪ್‌ಬೆಲ್ ಈ ಲಕ್ಷಣಗಳನ್ನು ಒಟ್ಟುಗೂಡಿಸಿ, ಔಷಧದ ಜೊತೆ ತಾಳೆ ಹಾಕಿ ಪ್ರಕಟಿಸಿದ್ದು 2005ರಲ್ಲಿ. ನಡುವಿನ ಎಂಟು ವರ್ಷ ‘ಈ ರೋಗಿಯ ಪಾಪೆ ಯಾಕೋ ಹಿಗ್ಗುತ್ತಿಲ್ಲ’ ಎಂದು ಗೊಣಗಿದ ಶಸ್ತ್ರವೈದ್ಯರು ಅದೆಷ್ಟು ಜನರೋ! ಮೂತ್ರರೋಗ ತಜ್ಞರು ಬರೆದ ಚೀಟಿಯನ್ನು ನೇತ್ರತಜ್ಞರು ನೋಡುತ್ತಿರಲಿಲ್ಲ, ನೇತ್ರತಜ್ಞರ ಫಜೀತಿ ಮೂತ್ರರೋಗ ತಜ್ಞರಿಗೆ ಕೇಳಿಸುತ್ತಿರಲಿಲ್ಲ. ವೈದ್ಯಕೀಯ ಅಂಗಾಂಗವಾರು ಹಂಚಿಹೋದದ್ದರ ಬೆಲೆ ಇದು ಎಂದೇ ನನಗನ್ನಿಸುತ್ತದೆ.

ಗೊತ್ತಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಚಾಂಗ್ ಅವರ ಅಧ್ಯಯನಗಳೇ ಸಾಕ್ಷಿ. ಮೊದಲ ವರದಿಯಲ್ಲಿ, ಕಾರಣ ತಿಳಿಯದೆಯೇ ಮಾಡಿದ್ದ ಶಸ್ತ್ರಚಿಕಿತ್ಸೆಗಳಲ್ಲಿ ಇಂಥ ಕಣ್ಣುಗಳ ಪೈಕಿ ಶೇಕಡಾ 12ರಷ್ಟರಲ್ಲಿ ಪೊರೆಚೀಲ ಹರಿದಿತ್ತು. 2007ರಲ್ಲಿ ಹಲವು ಕೇಂದ್ರಗಳ ಅನುಭವಿ ವೈದ್ಯರು ಮೊದಲೇ ತಿಳಿದು, ಸಜ್ಜಾಗಿ ಮಾಡಿದ 167 ಕಣ್ಣುಗಳಲ್ಲಿ ಅದು ಶೇಕಡಾ 0.6. ಸಜ್ಜಾಗುವುದೆಂದರೆ ದೊಡ್ಡ ಪವಾಡವೇನಲ್ಲ: ಕಣ್ಣಿನೊಳಗೆ ಫಿನೈಲೆಫ್ರಿನ್ ಚುಚ್ಚಿ ಸ್ನಾಯುವನ್ನು ಬಿಗಿಗೊಳಿಸುವುದು, ದಪ್ಪನೆಯ ಜೆಲ್ಲಿನಿಂದ ಐರಿಸ್ ಅನ್ನು ಒತ್ತಿಹಿಡಿಯುವುದು, ಪುಟ್ಟ ಕೊಕ್ಕೆಗಳಿಂದ ಪಾಪೆಯನ್ನು ಹೊರಕ್ಕೆಳೆಯುವುದು. ರಷ್ಯಾದ ಶಸ್ತ್ರವೈದ್ಯ ಬೋರಿಸ್ ಮಲ್ಯುಗಿನ್ ರೂಪಿಸಿದ ಉಂಗುರವೂ ಇದೆ. ಅದು ಪಾಪೆಯ ಅಂಚನ್ನು ಹಿಡಿದು ಆರು ಮಿಲಿಮೀಟರಿಗಿಂತ ತುಸು ಹೆಚ್ಚು ತೆರೆದಿಡುತ್ತದೆ.

ಹಾಗಾದರೆ ಶಸ್ತ್ರಚಿಕಿತ್ಸೆಗೆ ವಾರ ಮೊದಲು ಮಾತ್ರೆ ನಿಲ್ಲಿಸಿದರಾಯಿತಲ್ಲ ಎನ್ನಬಹುದು. ಇಲ್ಲಿ ಆ ಜಾಣತನ ನಡೆಯುವುದಿಲ್ಲ. ನಿಲ್ಲಿಸಿ ವರ್ಷಗಳಾದವರಲ್ಲೂ ಐರಿಸ್ ಸಡಿಲವಾಗಿದ್ದುದು ವರದಿಯಾಗಿದೆ; ದೀರ್ಘಕಾಲ ಕೆಲಸವಿಲ್ಲದೆ ಆ ಸ್ನಾಯುವೇ ಸೊರಗುತ್ತದೆ ಎಂಬುದು ಒಂದು ವಿವರಣೆ. ತಾನಾಗಿ ಬಿಟ್ಟವರಿಗೆ ಮೂತ್ರ ಕಟ್ಟಿಕೊಂಡು ನಳಿಕೆ ಹಾಕಿಸಿಕೊಳ್ಳುವ ಪ್ರಸಂಗ ಬರಬಹುದು. ಆದ್ದರಿಂದ ಈಗ ನುಂಗುತ್ತಿದ್ದೀರಾ ಎಂದಷ್ಟೇ ಕೇಳಿದರೆ ಸಾಲದು, ಹಿಂದೆ ಎಂದಾದರೂ ನುಂಗಿದ್ದಿರಾ ಎಂದೂ ಕೇಳಬೇಕು. ಆ ಪ್ರಶ್ನೆ ಮುದ್ರಿತ ನಮೂನೆಯಲ್ಲೇ ಇರಬೇಕು ಎಂಬುದು ನನ್ನ ಹಟ, ಸಂಕೋಚದ ಮನುಷ್ಯನ ನೆನಪಿಗೆ ಬಿಡುವ ವಿಷಯ ಇದಲ್ಲ. ಹೊಸದಾಗಿ ಮಾತ್ರೆ ಶುರುಮಾಡಬೇಕಾದವರಿಗೆ ಪೊರೆಯೂ ಬಲಿತಿದ್ದರೆ, ಅವಸರವಿಲ್ಲದಿದ್ದಲ್ಲಿ ಮೊದಲು ಕಣ್ಣಿನ ಕೆಲಸ ಮುಗಿಸಿಕೊಳ್ಳಬಹುದೇ ಎಂದು ಇಬ್ಬರೂ ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಎಲ್ಲ ಪ್ರಾಸ್ಟೇಟ್ ಔಷಧಗಳೂ ಒಂದೇ ಅಲ್ಲ. ಸೈಲೋಡೋಸಿನ್ ಟ್ಯಾಮ್ಸುಲೋಸಿನ್‌ನ ದಾರಿಯದೇ. ಆಲ್ಫುಜೋಸಿನ್, ಟೆರಜೋಸಿನ್‌ಗಳಲ್ಲಿ ಅಪಾಯ ಕಡಿಮೆ, ಇಲ್ಲವೆಂದಲ್ಲ. ಡುಟಾಸ್ಟರೈಡ್ ಹಾರ್ಮೋನಿನ ಹಾದಿಯಲ್ಲಿ ಗ್ರಂಥಿಯನ್ನೇ ಕುಗ್ಗಿಸುವಂಥದ್ದು. ಆದರೆ ನಮ್ಮಲ್ಲಿ ಅದು ಟ್ಯಾಮ್ಸುಲೋಸಿನ್ ಜೊತೆ ಒಂದೇ ಕ್ಯಾಪ್ಸೂಲಿನಲ್ಲಿ ಬರುವುದೇ ಹೆಚ್ಚು, ಹೆಸರು ನೋಡಿ ಮೋಸಹೋಗಬಾರದು. ಮೂತ್ರದ ಅವಸರ ತಡೆಯಲು ಕೊಡುವ ಸೋಲಿಫೆನಾಸಿನ್, ಟೋಲ್ಟೆರೋಡಿನ್‌ಗಳ ಕಥೆ ತದ್ವಿರುದ್ಧ: ಅವು ಪಾಪೆಯನ್ನು ಹಿಗ್ಗಿಸಬಲ್ಲವು, ಕಣ್ಣನ್ನು ಒಣಗಿಸುತ್ತವೆ, ಕಣ್ಣಿನ ಮುಂಭಾಗದ ಕೋನ ಕಿರಿದಾಗಿರುವವರಲ್ಲಿ ದಿಢೀರ್ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ) ತರಬಲ್ಲವು. ಕಣ್ಣು ಕೆಂಪಾಗಿ, ವಿಪರೀತ ನೋವು ಬಂದು, ದೀಪದ ಸುತ್ತ ಬಣ್ಣದ ಬಳೆಗಳು ಕಂಡರೆ ಬೆಳಗಾಗುವವರೆಗೆ ಕಾಯಬಾರದು.

ಇದು ಗಂಡಸರ ಮಾತ್ರೆ ಎಂಬ ಭಾವನೆಯೂ ಪೂರ್ತಿ ಸರಿಯಲ್ಲ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳದಲ್ಲಿ ಸಿಕ್ಕಿಕೊಂಡ ಕಲ್ಲು ಜಾರಿ ಹೋಗಲೆಂದು ಟ್ಯಾಮ್ಸುಲೋಸಿನ್ ಅನ್ನು ಹೆಂಗಸರಿಗೂ ಬರೆಯುತ್ತಾರೆ. ಮೂತ್ರಕೋಶ ಪೂರ್ತಿ ಖಾಲಿಯಾಗದ ಅಜ್ಜಿಯೊಬ್ಬರ ಔಷಧದ ಡಬ್ಬಿಯಲ್ಲೂ ಅದು ಇರಬಹುದು; ಅವರಿಗೆ ಪ್ರಾಸ್ಟೇಟ್ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.